ಕನ್ನಡಿ, ಬೆಳಕು ಮತ್ತು ರೀಲು: ಹಳೆಯ ಕ್ಯಾಮೆರಾ ಕಲಿಸುವ ಪಾಠ

(ಶತಮಾನೋತ್ಸವದ ಅಂಗವಾಗಿ ಶಾಲೆಯಲ್ಲಿ ಏರ್ಪಡಿಸಿದ್ದ ಹಳೆಯ ಛಾಯಾಚಿತ್ರಗಳ ಪ್ರದರ್ಶನದ ಉದ್ಘಾಟನೆಯಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಸಭಾಂಗಣದ ಗೋಡೆಗಳ ಮೇಲೆ ನಮ್ಮ ಶಾಲೆಯ ಹಲವು ತಲೆಮಾರುಗಳು ಸಾಲಾಗಿ ನಿಂತಿವೆ. ಚಿತ್ರಗಳ ನಡುವೆ ಮೇಜಿನ ಮೇಲೆ ಒಂದು ಕ್ಯಾಮೆರಾ ಇದೆ. ನಮ್ಮ ಹಿರಿಯ ವಿದ್ಯಾರ್ಥಿಯೊಬ್ಬರು ಪ್ರದರ್ಶನಕ್ಕೆಂದು ಒದಗಿಸಿದ ಪೆಂಟಾಕ್ಸ್ ಕೆ–1000 ಅದು. 1976ರಿಂದ 1997ರವರೆಗೆ, ಹೆಚ್ಚಿನ ಬದಲಾವಣೆಯಿಲ್ಲದೆ ತಯಾರಾದ ಯಂತ್ರ. ಚಿತ್ರಗಳ ಬಗ್ಗೆ ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ಅವುಗಳನ್ನು ಹಿಡಿದಿಟ್ಟ ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಅದಕ್ಕೆ ಎರಡು ಕಾರಣಗಳಿವೆ. ಅವನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಇದನ್ನು ಎಸ್.ಎಲ್.ಆರ್. ಕ್ಯಾಮೆರಾ ಎನ್ನುತ್ತಾರೆ. ಕನ್ನಡದಲ್ಲಿ ಏಕಮಸೂರ ಪ್ರತಿಫಲನ ಕ್ಯಾಮೆರಾ ಎನ್ನಬಹುದು. ಸಾಮಾನ್ಯ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ಮೂಡಿಸುವ ಮಸೂರ ಬೇರೆ. ಎರಡರ ಸ್ಥಾನವೂ ಬೇರೆಯಾದುದರಿಂದ, ಹತ್ತಿರದ ಮುಖವನ್ನು ತೆಗೆಯುವಾಗ ಕಿಂಡಿಯಲ್ಲಿ ಪೂರ್ತಿ ಕಂಡ ತಲೆ ಚಿತ್ರದಲ್ಲಿ ಅರ್ಧ ಕತ್ತರಿಸಿ ಹೋಗುತ್ತಿತ್ತು. ಈ ಕ್ಯಾಮೆರಾದಲ್ಲಿ ನೋಡುವುದಕ್ಕೂ ಮೂಡಿಸುವುದಕ್ಕೂ ಒಂದೇ ಮಸೂರ. ಮಸೂರದ ಹಿಂದೆ 45 ಡಿಗ್ರಿ ಓರೆಯಲ್ಲಿ ಒಂದು ಕನ್ನಡಿ ಇದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ ಒಂದು ಮಸುಕು ಗಾಜಿನ ಮೇಲೆ ಬಿಂಬವನ್ನು ಮೂಡಿಸುತ್ತದೆ. ಮಸೂರದ ಬಿಂಬ ತಲೆಕೆಳಗಾಗಿರುತ್ತದೆಂದು ಮಕ್ಕಳು ಓದಿದ್ದೀರಿ. ಕನ್ನಡಿ ಅದನ್ನು ನೇರಗೊಳಿಸುತ್ತದೆ. ಆದರೆ ಎಡ ಬಲವಾಗಿ, ಬಲ ಎಡವಾಗಿಯೇ ಉಳಿಯುತ್ತದೆ. ಮೇಲಿರುವ ಪಂಚಕೋನದ ಗಾಜಿನ ಅಶ್ರಗ ಅದನ್ನೂ ಸರಿಪಡಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಕ್ಯಾಮೆರಾದ ತಲೆಯ ಮೇಲೆ ಗೋಪುರದಂತೆ ಕಾಣುವ ಉಬ್ಬು ಈ ಅಶ್ರಗದ ಮನೆ.

ಗುಂಡಿ ಒತ್ತಿದಾಗ ನಡೆಯುವುದನ್ನು ಗಮನಿಸಿ. ಮೊದಲು ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮಸೂರದೊಳಗಿನ ರಂಧ್ರ ನಾವು ನಿಗದಿಪಡಿಸಿದ ಅಳತೆಗೆ ಕಿರಿದಾಗುತ್ತದೆ. ಫಿಲ್ಮಿನ ಮುಂದಿರುವ ಬಟ್ಟೆಯ ಎರಡು ಪರದೆಗಳಲ್ಲಿ ಮೊದಲನೆಯದು ಸರಿಯುತ್ತದೆ, ಎರಡನೆಯದು ಅದರ ಬೆನ್ನಿಗೆ ಬಂದು ಮುಚ್ಚುತ್ತದೆ. ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಕನ್ನಡಿ ಮೇಲಿರುವಾಗ ಕಿಂಡಿಯಲ್ಲಿ ಕತ್ತಲು. ಅಂದರೆ, ಚಿತ್ರ ಮೂಡುವ ಆ ಒಂದು ಕ್ಷಣವನ್ನು ಛಾಯಾಗ್ರಾಹಕನೇ ಕಾಣಲಾರ! ಬೆಳಕು ಅಳೆಯುವ ಮುಳ್ಳಿಗಷ್ಟೇ ಬ್ಯಾಟರಿ ಬೇಕು. ಉಳಿದುದೆಲ್ಲ ಹಲ್ಲುಚಕ್ರ ಮತ್ತು ಸ್ಪ್ರಿಂಗುಗಳ ಕೆಲಸ. ಬ್ಯಾಟರಿ ಮುಗಿದರೂ ಕ್ಯಾಮೆರಾ ನಿಲ್ಲುವುದಿಲ್ಲ.

ಬೆಳಕಿನ ಲೆಕ್ಕವನ್ನು ನಮ್ಮೂರಿನ ಸುರಂಗದ ನೀರಿನಿಂದ ಅರ್ಥ ಮಾಡಿಕೊಳ್ಳಬಹುದು. ಗುಡ್ಡದ ಸುರಂಗದಿಂದ ಬರುವ ನೀರಿನಲ್ಲಿ ತೊಟ್ಟಿ ತುಂಬಬೇಕಾದರೆ ದಪ್ಪ ಕೊಳವೆಗೆ ಸ್ವಲ್ಪ ಹೊತ್ತು ಸಾಕು, ಸಪೂರ ಕೊಳವೆಗೆ ಹೆಚ್ಚು ಹೊತ್ತು ಬೇಕು. ಇಲ್ಲಿ ಕೊಳವೆಯ ದಪ್ಪವೇ ಅಪರ್ಚರ್ ಎಂಬ ರಂಧ್ರ. ನೀರು ಬಿಡುವ ಹೊತ್ತೇ ಶಟರಿನ ವೇಗ. ತೊಟ್ಟಿಯ ಗಾತ್ರವೆಂದರೆ ಫಿಲ್ಮಿನ ವೇಗ: 100ರ ಫಿಲ್ಮಿಗೆ ಬೇಕಾಗುವ ಬೆಳಕಿನ ಕಾಲು ಭಾಗ 400ರ ಫಿಲ್ಮಿಗೆ ಸಾಕು.

ಮಸೂರದ ಮೇಲೆ 2, 2.8, 4, 5.6, 8, 11, 16, 22 ಎಂಬ ಅಂಕೆಗಳಿವೆ. ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗಳು ಇವು. 50 ಮಿಲಿಮೀಟರ್ ಮಸೂರದಲ್ಲಿ 2 ಎಂದರೆ ರಂಧ್ರದ ವ್ಯಾಸ 25 ಮಿಲಿಮೀಟರ್. 4 ಎಂದರೆ ಹನ್ನೆರಡೂವರೆ. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಆದ್ದರಿಂದ ಬೆಳಕು ಸರಿಯಾಗಿ ಅರ್ಧವಾಗಬೇಕಾದರೆ ಅಂಕೆಯನ್ನು ಎರಡರ ವರ್ಗಮೂಲವಾದ 1.414ರಿಂದ ಗುಣಿಸಬೇಕು. ವರ್ಗಮೂಲದಿಂದ ಏನು ಪ್ರಯೋಜನ ಎಂದು ಕೇಳುವ ಮಕ್ಕಳಿಗೆ ಉತ್ತರ ಈ ಉಂಗುರದ ಮೇಲೆಯೇ ಇದೆ.

ಶಟರಿನ ಅಂಕೆಗಳು 1 ಸೆಕೆಂಡಿನಿಂದ ಸೆಕೆಂಡಿನ 1000ದ ಒಂದು ಭಾಗದವರೆಗೆ ಸಾಗುತ್ತವೆ. ಪ್ರತಿ ಹೆಜ್ಜೆಗೂ ಬೆಳಕು ಸುಮಾರು ಅರ್ಧ. ಹಾಗಾಗಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬಹುದು. ಉರಿಬಿಸಿಲಿನಲ್ಲಿ 100ರ ಫಿಲ್ಮಿಗೆ 125ರ ಒಂದು ಭಾಗ ಮತ್ತು 16 ಸರಿಯಾದರೆ, 500ರ ಒಂದು ಭಾಗ ಮತ್ತು 8 ಸಹ ಸರಿ. ಬೆಳಕು ಎರಡರಲ್ಲೂ ಒಂದೇ, ಚಿತ್ರ ಮಾತ್ರ ಬೇರೆ. ಮೊದಲನೆಯದರಲ್ಲಿ ಹತ್ತಿರದ ಹುಲ್ಲಿನಿಂದ ದೂರದ ಗುಡ್ಡದವರೆಗೆ ಬಹುಮಟ್ಟಿಗೆ ಸ್ಪಷ್ಟ. ಎರಡನೆಯದರಲ್ಲಿ ಓಟದ ಸ್ಪರ್ಧೆಯ ಹುಡುಗಿಯ ಎತ್ತಿದ ಕಾಲು ಗಾಳಿಯಲ್ಲೇ ನಿಂತಿರುತ್ತದೆ. ರಾತ್ರಿಯ ಯಕ್ಷಗಾನದಲ್ಲಿ ಇಂಥ ಆಯ್ಕೆಗೆ ಅವಕಾಶ ಕಡಿಮೆ. ರಂಧ್ರವನ್ನು ಪೂರ್ತಿ ತೆರೆದು, 60ರ ಒಂದು ಭಾಗದಲ್ಲಿ ತೆಗೆದರೆ ಗಿರಕಿ ಹೊಡೆಯುವ ವೇಷ ಕಲಸಿಹೋಗುತ್ತದೆ. ಆದ್ದರಿಂದ ಬಲ್ಲವರು ಕುಣಿತದ ನಡುವೆ ವೇಷಧಾರಿ ಒಂದು ಭಂಗಿಯಲ್ಲಿ ನಿಲ್ಲುವ ಗಳಿಗೆಗೆ ಕಾಯುತ್ತಿದ್ದರು. ಅದಕ್ಕೆ ಯಂತ್ರದ ಜ್ಞಾನ ಸಾಲದು, ತಾಳದ ಜ್ಞಾನವೂ ಬೇಕು.

ಗೋಡೆಯ ಮೇಲೆ ವಾರ್ಷಿಕೋತ್ಸವದ ಒಂದು ಚಿತ್ರವಿದೆ. ಅದರ ಒಂದು ಪಕ್ಕ ಪೂರ್ತಿ ಕಪ್ಪು. ಅದು ತೊಳೆಯುವಾಗ ಆದ ದೋಷವಲ್ಲ. ಇಂಥ ಕ್ಯಾಮೆರಾದಲ್ಲಿ 60ರ ಒಂದು ಭಾಗಕ್ಕಿಂತ ವೇಗ ಹೆಚ್ಚಾದರೆ ಪರದೆಗಳು ಒಮ್ಮೆಲೇ ಪೂರ್ತಿ ತೆರೆಯುವುದಿಲ್ಲ. ನಡುವಿನ ಸೀಳು ಮಾತ್ರ ಫಿಲ್ಮಿನ ಮೇಲೆ ಹಾದುಹೋಗುತ್ತದೆ. ಫ್ಲ್ಯಾಶ್ ಮಿಂಚಿದಾಗ ಪರದೆಯ ಮರೆಯಲ್ಲಿದ್ದ ಭಾಗಕ್ಕೆ ಬೆಳಕು ಸಿಗುವುದಿಲ್ಲ. ಹಾಗೆಯೇ ಬಿಳಿ ಸಮವಸ್ತ್ರದ ಮಕ್ಕಳ ಕೆಲವು ಗುಂಪುಚಿತ್ರಗಳು ಮಬ್ಬಾಗಿವೆ. ಬೆಳಕಿನ ಮಾಪಕ ತನ್ನ ಮುಂದಿರುವುದೆಲ್ಲವನ್ನೂ ನಡುಬೂದು ಬಣ್ಣವೆಂದೇ ಭಾವಿಸುತ್ತದೆ. ಬಿಳಿಯನ್ನು ಬಿಳಿಯಾಗಿಸಲು ಅದು ಹೇಳಿದುದಕ್ಕಿಂತ ಒಂದು ಹೆಜ್ಜೆ ಹೆಚ್ಚು ಬೆಳಕು ಕೊಡಬೇಕು. ಮುಳ್ಳು ತೋರಿಸಿದ್ದನ್ನು ಓದಿ ಆಮೇಲೆ ತೀರ್ಮಾನಿಸುವುದು ಮನುಷ್ಯನ ಕೆಲಸ.

ಒಂದು ರೀಲಿನಲ್ಲಿ 36 ಚಿತ್ರಗಳು. ಪ್ರತಿಯೊಂದರ ಅಳತೆ 24 ಮತ್ತು 36 ಮಿಲಿಮೀಟರ್. ಬೆಳಕು ಬಿದ್ದಲ್ಲಿ ಬೆಳ್ಳಿಯ ಲವಣ ಕಣ್ಣಿಗೆ ಕಾಣದಂತೆ ಬದಲಾಗುತ್ತದೆ. ಕತ್ತಲ ಕೋಣೆಯ ರಾಸಾಯನಿಕ ಅದನ್ನು ಕಪ್ಪು ಬೆಳ್ಳಿಯಾಗಿಸುತ್ತದೆ. ಹೈಪೋ ದ್ರಾವಣ ಉಳಿದ ಲವಣವನ್ನು ತೊಳೆದು ಚಿತ್ರವನ್ನು ಸ್ಥಿರಗೊಳಿಸುತ್ತದೆ. ನಮಗೆ ನೆರೆಯ ಉದಕಮಂಡಲದಲ್ಲೇ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪನೆಯಾಗಿ ‘ಇಂದು’ ಎಂಬ ಹೆಸರಿನ ಕಪ್ಪು ಬಿಳುಪು ಫಿಲ್ಮು ಮಾರುಕಟ್ಟೆಗೆ ಬರುತ್ತಿತ್ತು. ಇಂದು ಆ ಕಾರ್ಖಾನೆ ಮುಚ್ಚಿದೆ.

ಈಗ ಆ ಎರಡು ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು, ಈ ಚಿತ್ರಗಳು ಸಾಯುತ್ತಿವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡು ನಮ್ಮದು. ಫಿಲ್ಮಿನ ಮೇಲಿರುವ ಜೆಲಟಿನ್ ಶಿಲೀಂಧ್ರಕ್ಕೆ ಒಳ್ಳೆಯ ಆಹಾರ. ಹಳೆಯ ಅಸಿಟೇಟ್ ಫಿಲ್ಮು ತೇವಕ್ಕೆ ಕೊಳೆತು ವಿನೆಗರಿನಂತೆ ಹುಳಿ ವಾಸನೆ ಬರುತ್ತದೆ. ಆ ವಾಸನೆ ಬಂದದ್ದನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಬೇಕು. ನೆಗೆಟಿವನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಬಿಸಿಲಿಗೆ ಹಾಕಬಾರದು. ಅಂಚನ್ನು ಮಾತ್ರ ಹಿಡಿದು ಕಾಗದದ ಲಕೋಟೆಯಲ್ಲಿಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇರಿಸಬೇಕು.

ಅವು ಏಕೆ ಉಳಿಯಬೇಕು? ಈ ಶಾಲೆ ಆರಂಭವಾದಾಗ ನಾವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದೆವು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕಡತಗಳಲ್ಲಿ ನಮ್ಮ ವಿಳಾಸ ಮತ್ತೆ ಮತ್ತೆ ಬದಲಾಯಿತು. ಕರಿಹಲಗೆಯ ಮೇಲಿನ ಅಕ್ಷರ ಬದಲಾಗಲಿಲ್ಲ. ಅದಕ್ಕೆ ಸಾಕ್ಷಿ ಈ ಚಿತ್ರಗಳು. ಚಿತ್ರ ಎಂಥ ಸಾಕ್ಷಿಯಾಗಬಲ್ಲುದೆಂದು ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ಸಂಕಟ ಎಣ್ಮಕಜೆಯಂಥ ಗ್ರಾಮಗಳ ಹೊರಗೆ ಜನರ ಮನಸ್ಸನ್ನು ತಟ್ಟಿದ್ದರಲ್ಲಿ ಪತ್ರಿಕೆಗಳಲ್ಲಿ ಅಚ್ಚಾದ ಮಕ್ಕಳ ಚಿತ್ರಗಳ ಪಾಲು ದೊಡ್ಡದು.

ಎರಡನೆಯ ಕಾರಣ, ಭಾಷೆಯದು. ಕನ್ನಡದಲ್ಲಿ ಕಲಿತರೆ ಕತೆ ಕವನಕ್ಕೆ ಸರಿ, ಯಂತ್ರ ವಿಜ್ಞಾನಗಳಿಗೆ ಸಾಲದು ಎಂದು ಮಕ್ಕಳನ್ನು ಸೇರಿಸಲು ಬರುವ ರಕ್ಷಕರಲ್ಲಿ ಕೆಲವರು ಸಂಕೋಚದಿಂದಲೇ ನನ್ನಲ್ಲಿ ಹೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿನ ಭವಿಷ್ಯದ ಪ್ರಶ್ನೆ ಅದು. ಆದರೆ ಇಷ್ಟು ಹೊತ್ತು ನಾನು ಹೇಳಿದ ಪ್ರತಿಫಲನ, ವಕ್ರೀಭವನ, ವರ್ಗಮೂಲ, ಬೆಳ್ಳಿಯ ಲವಣ, ಇವೆಲ್ಲವೂ ನಮ್ಮ ಪ್ರೌಢಶಾಲೆಯ ಪಾಠಗಳ ವಿಷಯಗಳೇ. ಶಟರ್, ಫ್ಲ್ಯಾಶ್, ರೀಲು ಎಂಬ ಮಾತುಗಳನ್ನೂ ಕನ್ನಡ ತನ್ನದಾಗಿಸಿಕೊಂಡಿದೆ. ಮುಂದಿನ ಸಾಲಿನಲ್ಲಿ ಕುಳಿತ ಏಳನೆಯ ತರಗತಿಯ ಮಕ್ಕಳಿಗೆ ಇದು ಅರ್ಥವಾಯಿತೇ ಎಂದು ತಾವೇ ಕೇಳಿ ನೋಡಿ. ಮೂಡುಬಿದಿರೆಯಾಚೆ ಘಟ್ಟ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದರು, ಹಕ್ಕಿಗಳ ವಿಜ್ಞಾನವನ್ನು ಕನ್ನಡದಲ್ಲೇ ಬರೆದರು. ಭಾಷೆ ಅವರಿಗೆ ಅಡ್ಡಿಯಾಗಲಿಲ್ಲ.

ಆದುದರಿಂದ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಮನೆಯ ಅಟ್ಟದಲ್ಲಿ, ಕಪಾಟಿನ ಮೂಲೆಯಲ್ಲಿ ಶಾಲೆಯ ಚಿತ್ರಗಳೋ ನೆಗೆಟಿವುಗಳೋ ಇದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಶಾಲೆಗೆ ತನ್ನಿ. ಪ್ರತಿ ಮಾಡಿಸಿಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ. ಚಿತ್ರದಲ್ಲಿರುವವರ ಹೆಸರು, ತರಗತಿ, ವರ್ಷವನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಮುಖವನ್ನು ಕ್ಯಾಮೆರಾ ಉಳಿಸಿದೆ. ಹೆಸರನ್ನು ಉಳಿಸಬೇಕಾದವರು ತಾವು. ಹೆಸರು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಮುಗಿಯಲಿ.