ಹಳೇ ಎಂಜಿಬಿಗೆ ಯಾವ ಸಸ್ಪೆನ್ಶನ್? ಮೂಲದ್ದೋ, ಹೊರಗಿನದೋ?



ನಾನು ಪುಣೆಯಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯೋನು. ಎಂಟೆಕ್‌ನಲ್ಲಿ ಓದಿದ್ದು ಕಂಪನಗಳ ಬಗ್ಗೆ. ಹಾಗಾಗಿ ಹಳೇ ಕಾರು ಇಟ್ಟುಕೊಂಡಿರೋ ಗೆಳೆಯರು ನನ್ನ ಹತ್ತಿರ ಒಂದೇ ಪ್ರಶ್ನೆ ತರ್ತಾರೆ: ಸಸ್ಪೆನ್ಶನ್ ಹೋಗಿದೆ, ಮೊದಲಿದ್ದ ಥರದ್ದೇ ಹಾಕಿಸಲಾ, ಇಲ್ಲ ಹೊಸ ಕಿಟ್ ತರಿಸಲಾ? ಇವತ್ತು ಒಂದೇ ಕಾರು ಹಿಡಿದು ಇದಕ್ಕೆ ಉತ್ತರ ಹುಡುಕೋಣ. ಬ್ರಿಟನ್ನಿನ ಎಂಜಿಬಿ. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಸ್ಪೋರ್ಟ್ಸ್ ಕಾರು.

ಇದರಲ್ಲಿ ಈಗಿನ ಕಾರುಗಳಂತೆ ಉದ್ದ ಕೊಳವೆಯ ಶಾಕ್ ಅಬ್ಸಾರ್ಬರ್ ಇಲ್ಲ. ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಡ್ಯಾಂಪರ್ ಇದೆ. ಅಂದ್ರೆ ಎಣ್ಣೆ ತುಂಬಿದ ಒಂದು ಲೋಹದ ಡಬ್ಬಿ, ಅದರಿಂದ ಹೊರಬಂದ ಒಂದು ತೋಳು. ಚಕ್ರ ಮೇಲೆ ಕೆಳಗೆ ಆದಾಗ ತೋಳು ತಿರುಗುತ್ತೆ, ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕವಾಟದ ಮೂಲಕ ತಳ್ಳುತ್ತೆ. ಮುಂದಿನ ಚಕ್ರಗಳಲ್ಲಿ ಇನ್ನೊಂದು ವಿಶೇಷ ನೋಡಿ: ಈ ತೋಳೇ ಮೇಲಿನ ವಿಶ್‌ಬೋನ್ ಕೂಡ. ಚಕ್ರವನ್ನು ಹಿಡಿದಿಡೋ ಕೆಲಸವೂ ಇದರದ್ದೇ. ಹಾಗಾಗಿ ಅದನ್ನು ಸುಮ್ಮನೆ ಕಿತ್ತು ಬಿಸಾಕೋಕೆ ಆಗಲ್ಲ. ಕೆಲವು ಕಿಟ್‌ಗಳಲ್ಲಿ ಹಳೇ ಡಬ್ಬಿ ಬರೀ ಕೀಲಾಗಿ ಅಲ್ಲೇ ಉಳಿಯುತ್ತೆ, ಪಕ್ಕದಲ್ಲಿ ಹೊಸ ಡ್ಯಾಂಪರ್ ಸೇರುತ್ತೆ. ಆ ಕೀಲು ಸವೆದಿದ್ದರೆ ಹೊಸ ಡ್ಯಾಂಪರ್ ಎಷ್ಟೇ ಒಳ್ಳೇದಿದ್ರೂ ಚಕ್ರ ಅಲುಗಾಡೋದು ತಪ್ಪಲ್ಲ.

ಹಾಗಂತ ಹಳೇದೇ ಶ್ರೇಷ್ಠ ಅಂತ ನಾನು ಹೇಳ್ತಿಲ್ಲ. ಲಿವರ್ ಡ್ಯಾಂಪರಿನ ಪಿಸ್ಟನ್ ಓಡಾಟ ಚಿಕ್ಕದು, ಎಣ್ಣೆ ಕಡಿಮೆ, ಒತ್ತಡ ಜಾಸ್ತಿ. ಸೀಲು ಸವೆದರೆ ಸೋರುತ್ತೆ. ಒರಟು ರಸ್ತೆಯಲ್ಲಿ ತುಂಬಾ ಹೊತ್ತು ಜೋರಾಗಿ ಓಡಿಸಿದರೆ ಎಣ್ಣೆ ಬಿಸಿಯಾಗಿ ಹಿಡಿತ ಇಳಿಯುತ್ತೆ. ರೇಸ್ ಟ್ರ್ಯಾಕಿಗೆ ಹೋಗೋರಿಗೆ ಹೊಂದಿಸಬಹುದಾದ ಟೆಲಿಸ್ಕೋಪಿಕ್ ಡ್ಯಾಂಪರಿನಿಂದ ನಿಜವಾದ ಲಾಭ ಇದೆ.

ಆದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದು ಜೋಡಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದರ ವರ್ಶನ್ ಬದಲಾಯಿಸಿದ್ರೆ ಇನ್ನೊಂದನ್ನೂ ನೋಡ್ಕೋಬೇಕು. ಸ್ಪ್ರಿಂಗಿನ ಬಿಗಿ ಎರಡು ಪಟ್ಟು ಮಾಡಿ ಡ್ಯಾಂಪರನ್ನು ಹಾಗೇ ಬಿಟ್ಟರೆ, 0.30 ಇದ್ದ ಡ್ಯಾಂಪಿಂಗ್ ಅನುಪಾತ ಸುಮಾರು 0.21ಕ್ಕೆ ಇಳಿಯುತ್ತೆ. ಕಾರು ಗಟ್ಟಿಯೂ ಆಗುತ್ತೆ, ಕುಣಿಯೋದೂ ಹೆಚ್ಚುತ್ತೆ! ಇನ್ನು ಬರೀ ಡ್ಯಾಂಪರನ್ನು ಅತಿ ಬಿಗಿ ಮಾಡಿದರೆ, ಸಾಲು ಸಾಲು ಉಬ್ಬುಗಳಲ್ಲಿ ಒತ್ತಿದ ಸ್ಪ್ರಿಂಗ್ ಬೇಗ ಬಿಚ್ಚಿಕೊಳ್ಳಲ್ಲ, ಚಕ್ರ ನೆಲ ಬಿಡುತ್ತೆ. ಗಡುಸು ಅಂದ ತಕ್ಷಣ ಹಿಡಿತ ಅಂತಲ್ಲ.

ನನ್ನ ಗೆಳೆಯನೊಬ್ಬನ ಹತ್ತಿರ ಅವರಪ್ಪ ಬಿಟ್ಟುಹೋದ ಎಂಜಿಬಿ ಇದೆ. ಹಿಂಭಾಗ ತೂಗಾಡುತ್ತೆ ಅಂತ ಅವರಮ್ಮ ಅದರಲ್ಲಿ ಕೂರೋದನ್ನೇ ಬಿಟ್ಟಿದ್ದರು. ಅವನಿಗೆ ಅಮ್ಮನನ್ನು ಕೂರಿಸಿಕೊಂಡು ಪಸರಣಿ ಘಾಟಿ ಹತ್ತಿ ಪಂಚಗಣಿಗೆ ಹೋಗೋ ಆಸೆ. ನಾಲ್ಕೂ ಚಕ್ರಕ್ಕೆ ಕಿಟ್ ಆರ್ಡರ್ ಮಾಡೋಕೆ ಕೂತಿದ್ದ. "ಮೊದಲು ಕೆಳಗೆ ಇಣುಕಿ ನೋಡೋಣ ಇರೋ" ಅಂದೆ. ಹಿಂದಿನ ಒಂದು ಡ್ಯಾಂಪರಿನಲ್ಲಿ ಎಣ್ಣೆಯೇ ಇರಲಿಲ್ಲ. ಪಟ್ಟಾ ಸ್ಪ್ರಿಂಗಿನ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿದ್ದವು. ಟೈರಿನಲ್ಲಿ ಗುಂಡಿ ಇತ್ತು, ಆದರೆ ವಯಸ್ಸು ಹತ್ತು ವರ್ಷ. ಟೈರು, ಬುಷ್ ಹೊಸದು ಹಾಕಿ, ಡ್ಯಾಂಪರ್‌ಗಳನ್ನು ರಿಪೇರಿ ಮಾಡಿಸಿದ. ತೂಗಾಟ ನಿಂತಿತು. ಅವರಮ್ಮ ಈಗ ಕೂರ್ತಾರೆ.

ಹಾಗಾದ್ರೆ ನೀವೇನು ಮಾಡಬೇಕು?

ಮೊದಲು ಟೈರು, ಆಮೇಲೆ ಬುಷ್, ಆಮೇಲೆ ಡ್ಯಾಂಪರ್, ಕೊನೆಗೆ ಸ್ಪ್ರಿಂಗ್. ಒಂದು ಸಲಕ್ಕೆ ಒಂದೇ ಬದಲಾವಣೆ, ನಡುವೆ ಓಡಿಸಿ ನೋಡಿ. ಮುಂದಿನ ಕೆಳತೋಳಿಗೆ ಎಂಜಿಬಿ ಜಿಟಿ ವಿ8 ಮಾದರಿಯ ಬುಷ್ ಹಾಕೋದು ಒಳ್ಳೇ ಮಧ್ಯಮಾರ್ಗ, ಯಾಕಂದ್ರೆ ಅದೂ ಕಾರ್ಖಾನೆಯದ್ದೇ ವಿನ್ಯಾಸ.

ರಿಪೇರಿಯಾದ ಡ್ಯಾಂಪರ್ ಬಂದಾಗ ಹೊಸ ಬಣ್ಣ ನೋಡಿ ಮರುಳಾಗಬೇಡಿ. ತೋಳನ್ನು ನಿಧಾನಕ್ಕೆ ಪೂರ್ತಿ ಆಡಿಸಿ. ಎಲ್ಲೂ ಸಡಿಲವಾಗದೆ ಒಂದೇ ಸಮನೆ ತಡೆ ಇರಬೇಕು. ನಡುವೆ ಖಾಲಿ ಅನ್ನಿಸಿದ್ರೆ ಒಳಗೆ ಗಾಳಿ ಇದೆ, ಇಲ್ಲ ಎಣ್ಣೆ ಕಡಿಮೆ. ತುಂಬೋದು ಡ್ಯಾಂಪರ್ ಎಣ್ಣೆಯೇ ಆಗಿರಲಿ, ಬ್ರೇಕ್ ಆಯಿಲ್ ಖಂಡಿತ ಬೇಡ.

ಕಿಟ್ ಹಾಕೋದೇ ಆದರೆ ಬೋಲ್ಟ್ ಬಿಚ್ಚಿ ಹಿಂದಕ್ಕೆ ಬರೋ ಹಾಗಿರೋದನ್ನೇ ಆರಿಸಿ. ಬಾಡಿಗೆ ತೂತು, ವೆಲ್ಡಿಂಗ್ ಬೇಡ. ನಮ್ಮ ದೇಶದಲ್ಲಿ 2021ರ ವಿಂಟೇಜ್ ನೋಂದಣಿ ನಿಯಮ ಕೂಡ 50 ವರ್ಷ ದಾಟಿದ, ಮೂಲರೂಪದಲ್ಲಿರೋ ವಾಹನಗಳಿಗೇ ಅನ್ವಯ. ಕಳಚಿದ ಭಾಗಗಳನ್ನು ಗುಜರಿಗೆ ಹಾಕಬೇಡಿ. ಹೆಸರು ಬರೆದು ಡಬ್ಬದಲ್ಲಿಡಿ. ರೋಲ್‌ಬ್ಯಾಕ್ ಇಲ್ಲದೆ ನಾವು ಯಾರೂ ರಿಲೀಸ್ ಮಾಡಲ್ಲ, ಅಲ್ವಾ? ನಾಳೆ ಈ ಕಾರು ಇನ್ನೊಬ್ಬರ ಕೈಗೆ ಹೋಗುತ್ತೆ. ಅವರಿಗೂ ಆಯ್ಕೆ ಉಳಿದಿರಲಿ.