ಹತ್ತಿರ ಬೇಕಾದದ್ದು, ದೂರವಿದ್ದರೂ ನಡೆಯುವುದು

ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಕ್ಯಾನ್ಸರ್ ಪತ್ತೆ ಮತ್ತು ಚಿಕಿತ್ಸೆ: ದತ್ತಿ ಉಪನ್ಯಾಸ



ಕ್ಯಾನ್ಸರ್ ಕುರಿತು ಮಾತಾಡಿ ಎಂದಾಗ ಎರಡು ಸುಲಭದ ದಾರಿಗಳಿರುತ್ತವೆ. ಒಂದು, ಅಂಕಿಸಂಖ್ಯೆ ಹೇಳಿ ಹೆದರಿಸುವುದು. ಇನ್ನೊಂದು, ಅಮೆರಿಕದಲ್ಲಿ ಬಂದಿರುವ ಹೊಸ ಔಷಧಿಗಳ ಹೆಸರು ಹೇಳಿ ಬೆರಗುಗೊಳಿಸುವುದು. ಇವೆರಡನ್ನೂ ಬಿಟ್ಟು, ನಮ್ಮ ಸೀಮೆಯ ರೋಗಿಯೊಬ್ಬರು ನಡೆಯುವ ದಾರಿಯನ್ನೇ ಹಿಡಿದು ಮಾತಾಡುತ್ತೇನೆ.

2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರೋಗಿಗಳ ದಾರಿ ಮಾತ್ರ ಬೇರೆ ಆಗಲಿಲ್ಲ. ಮೊದಲು ಊರಿನ ಡಾಕ್ಟರು, ಆಮೇಲೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇಲ್ಲವೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕೊನೆಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯೇ ಉತ್ತರ ಕರ್ನಾಟಕದ ಎಷ್ಟೋ ಬಡವರಿಗೆ ಇಂದಿಗೂ ಕೊನೆಯ ಭರವಸೆ.

ನಾನು ಹೇಳಬೇಕಾದದ್ದು ಇಷ್ಟೇ: ಈ ಚಿಕಿತ್ಸೆಯಲ್ಲಿ ಕೆಲವು ಕೆಲಸಗಳು ದೂರದ ದೊಡ್ಡ ಆಸ್ಪತ್ರೆಯಲ್ಲಿ ನಡೆದರೇ ಚೆನ್ನ. ಕೆಲವು ಮನೆಯ ಹತ್ತಿರ ಇರದೆ ಹೋದರೆ ದೊಡ್ಡ ಆಸ್ಪತ್ರೆ ಇದ್ದೂ ಉಪಯೋಗವಿಲ್ಲ. ತುಂಗಭದ್ರೆಗೆ ಅಣೆಕಟ್ಟು ಒಂದೇ ಸಾಕು, ತೂಬು ಮಾತ್ರ ಪ್ರತಿ ಹೊಲಕ್ಕೂ ಬೇಕು. ಕಾಲುವೆಯ ಕೊನೆಯ ಭಾಗದ ರೈತರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

1. ಕಣ್ಣಿಗೆ ಕಾಣುವ, ಕೈಗೆ ಸಿಗುವ ಮೂರು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಸುಮಾರು 14.1 ಲಕ್ಷ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿತು, ಸುಮಾರು 9.2 ಲಕ್ಷ ಜನ ತೀರಿಕೊಂಡರು. ಹೊಸ ರೋಗಿಗಳಲ್ಲಿ ಸ್ತನ ಕ್ಯಾನ್ಸರ್ ಸುಮಾರು 1.92 ಲಕ್ಷ, ತುಟಿ ಮತ್ತು ಬಾಯಿಯದು 1.44 ಲಕ್ಷ, ಗರ್ಭಕೋಶದ ಕೊರಳಿನದು 1.28 ಲಕ್ಷ. ಮೂರನ್ನೂ ಕೂಡಿಸಿದರೆ ಒಟ್ಟು ಹೊಸ ರೋಗಿಗಳ ಸುಮಾರು ಮೂರನೇ ಒಂದು ಪಾಲು.

ಈ ಮೂರನ್ನೂ ಪತ್ತೆ ಮಾಡಲು ಆರಂಭದಲ್ಲಿ ಸ್ಕ್ಯಾನಿಂಗ್ ಯಂತ್ರ ಬೇಡ. ಬಾಯಿಗೆ ಒಂದು ಟಾರ್ಚು, ಸ್ತನಕ್ಕೆ ತರಬೇತಿ ಪಡೆದ ಕೈ, ಗರ್ಭಕೋಶದ ಕೊರಳಿಗೆ ಒಂದಿಷ್ಟು ತೆಳು ಅಸಿಟಿಕ್ ಆಮ್ಲ ಸಾಕು. ಇಷ್ಟು ಅಗ್ಗದ ಪರೀಕ್ಷೆ ಎಷ್ಟು ಜನರಿಗೆ ಆಗಿದೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ, ದೇಶದಲ್ಲಿ 30ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಒಮ್ಮೆಯಾದರೂ ಗರ್ಭಕೋಶದ ಕೊರಳಿನ ಪರೀಕ್ಷೆ ಆದವರು ಶೇ. 1.9. ಸ್ತನದ್ದು, ಬಾಯಿಯದು ಶೇ. 1ಕ್ಕಿಂತ ಕಡಿಮೆ. ನಮ್ಮ ಕೊರತೆ ಎಲ್ಲಿದೆ ಎನ್ನುವುದಕ್ಕೆ ಈ ಅಂಕಿಗಳೇ ಸಾಕು.

2. ಬಾಯಿ: ಮೂರು ಬೆರಳಿನ ಪರೀಕ್ಷೆ

2016–17ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ, ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು, ಗುಟ್ಕಾ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆಯ ಚೀಟು ಒಂದು, ತಂಬಾಕಿನ ಚೀಟು ಇನ್ನೊಂದು ಎಂದು ಬೇರೆ ಬೇರೆಯಾಗಿ ಮಾರಾಟಕ್ಕೆ ಬಂದವು. ಕೊಂಡವರು ಬಾಯಲ್ಲಿ ಒಂದು ಮಾಡಿಕೊಳ್ಳುತ್ತಾರೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ರೋಗಿ ಹೇಳುವ ಮೊದಲ ಮಾತು ಬಹುಪಾಲು ಹೀಗಿರುತ್ತದೆ: “ಬಾಯಾಗ ಹುಣ್ಣಾಗೈತ್ರಿ, ಹಲ್ಲು ತಾಕಿ ಆಗಿರ್ಬೇಕು.” ಮೆಡಿಕಲ್ ಶಾಪಿನಿಂದ ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚಲು ಮುಲಾಮು. ಒಂದು ತಿಂಗಳು, ಎರಡು ತಿಂಗಳು. ಆಮೇಲೆ ಹಲ್ಲು ಕೀಳಿಸುವುದು. ಇದಕ್ಕೆ ಒಂದೇ ನಿಯಮ ನೆನಪಿಡಿ. ಮೂರು ವಾರದಲ್ಲಿ ಮಾಯದ ಹುಣ್ಣು ಯಾವುದೇ ಇರಲಿ, ಅದನ್ನು ಡಾಕ್ಟರಿಗೆ ತೋರಿಸಿ ಬಯಾಪ್ಸಿ ಬೇಕೇ ಎಂದು ಕೇಳಿ.

ಪರೀಕ್ಷೆಯ ಕ್ರಮ ಹೀಗೆ. ಬಾಯಿ ಮುಕ್ಕಳಿಸಿ ಬೆಳಕಿಗೆ ಎದುರಾಗಿ ಕೂರಿಸಬೇಕು. ತುಟಿ ಮಗುಚಿ ಒಳಭಾಗ ನೋಡಬೇಕು. ಕೆನ್ನೆಯ ಒಳಮೈಯನ್ನು ಹಿಂದಿನ ದವಡೆಹಲ್ಲಿನವರೆಗೆ ಸರಿಸಿ ನೋಡಬೇಕು, ಏಕೆಂದರೆ ಎಲೆ ಅಡಿಕೆಯ ಉಂಡೆ ಕೂರುವುದು ಅಲ್ಲಿಯೇ. ನಾಲಿಗೆಯ ಎರಡು ಅಂಚು, ನಾಲಿಗೆಯ ಅಡಿ, ಮೇಲಂಗಳು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಟ್ಟಿಯಾದ ಹುಣ್ಣು ಕಂಡರೆ ಬರೆದುಕೊಳ್ಳಬೇಕು. ಕೊನೆಗೆ ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲು ಹೇಳಬೇಕು. ಮೂರು ಹೋಗದಿದ್ದರೆ ಕೆನ್ನೆಯ ಒಳಗಿನ ನಾರು ಬಿಗಿಯುತ್ತಿರಬಹುದು. ಅದು ಅಡಿಕೆಯ ಗುರುತು, ಮುಂದೆ ಕ್ಯಾನ್ಸರ್ ಆಗಬಲ್ಲ ಸ್ಥಿತಿ. ಇಷ್ಟಕ್ಕೆ ಐದು ನಿಮಿಷ ಸಾಕು.

ಇದರಿಂದ ಜೀವ ಉಳಿಯುತ್ತದೆಯೆ? ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೀಗೆಯೇ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತಂಬಾಕು ಅಥವಾ ಮದ್ಯದ ಚಟವಿದ್ದವರ ನಡುವೆ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದಿತ್ತು. ಶಸ್ತ್ರಚಿಕಿತ್ಸೆಯಲ್ಲೂ ದೊಡ್ಡ ಪಾಠ ನಮ್ಮ ದೇಶದಿಂದಲೇ ಬಂದಿತು. ಆರಂಭದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗಂಟು ಕೈಗೆ ಸಿಗದಿದ್ದರೂ ಮೊದಲ ಆಪರೇಷನ್ನಿನಲ್ಲೇ ಅಲ್ಲಿನ ಗ್ರಂಥಿಗಳನ್ನು ತೆಗೆದುಬಿಟ್ಟರೆ ಮೂರು ವರ್ಷದ ಬಳಿಕ ಶೇ. 80 ಜನ ಬದುಕಿರುತ್ತಾರೆ, ಕಾದು ನೋಡಿದರೆ ಶೇ. 67.5 ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ತೋರಿಸಿತು. ಇಂಥ ಆಪರೇಷನ್ನು ಪಳಗಿದ ಕೈ ಕೇಳುತ್ತದೆ. ಅದು ದೂರವಿದ್ದರೂ ನಡೆಯುತ್ತದೆ. ಟಾರ್ಚು ಮಾತ್ರ ಊರಲ್ಲೇ ಇರಬೇಕು.

3. ಗರ್ಭಕೋಶದ ಕೊರಳು: ತಡೆಯಬಹುದಾದ ಕ್ಯಾನ್ಸರ್

ಈ ರೋಗಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣ. ಹೋಗದೆ ಉಳಿದ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ತಡೆಯಲು ಅವಕಾಶವಿದೆ. ಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಮುಂಬೈಯಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದಾಗ ಈ ಕ್ಯಾನ್ಸರಿನ ಸಾವು ಶೇ. 31 ಇಳಿಯಿತು. ನಮ್ಮ ಕಲಬುರಗಿಗೆ ಹೆಚ್ಚು ದೂರವಲ್ಲದ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದಿನಲ್ಲಿ 1.31 ಲಕ್ಷ ಹಳ್ಳಿ ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೇ ಸಲದ ಅಸಿಟಿಕ್ ಆಮ್ಲದ ಪರೀಕ್ಷೆಯಿಂದ ಹೆಚ್ಚು ಲಾಭ ಕಾಣಲಿಲ್ಲ. ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಮಾತ್ರ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಎರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇಷ್ಟು: ಅಗ್ಗದ ಪರೀಕ್ಷೆಯಾದರೆ ಮತ್ತೆ ಮತ್ತೆ ಮಾಡಬೇಕು, ಒಮ್ಮೆ ಮಾತ್ರ ಸಾಧ್ಯ ಎಂದಾದರೆ ಎಚ್‌ಪಿವಿ ಪರೀಕ್ಷೆಗೇ ಹಣ ಹಾಕಬೇಕು. ವರ್ಷಕ್ಕೊಂದು ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಹೋದರೆ ಎರಡೂ ಆಗುವುದಿಲ್ಲ.

ಲಸಿಕೆಯೂ ಈಗ ನಮ್ಮದೇ ಇದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. 9ರಿಂದ 14 ವಯಸ್ಸಿನ ಹುಡುಗಿಯರಿಗೆ ಕೊಟ್ಟರೆ ಫಲ ಹೆಚ್ಚು. “ಇಷ್ಟು ಸಣ್ಣ ಹುಡುಗಿಗೆ ಯಾಕ್ರಿ?” ಎಂದು ತಾಯಂದಿರು ಕೇಳುತ್ತಾರೆ. ಸೋಂಕು ತಗಲುವ ಮುನ್ನವೇ ಕೊಡಬೇಕಾದ ಲಸಿಕೆ ಇದು. ಅದಕ್ಕೇ ಆ ವಯಸ್ಸು.

4. ಸ್ತನ: ಗಡ್ಡೆಗೆ ನೋವಿಲ್ಲ ಎಂಬುದೇ ಮೋಸ

ನೋವಿದ್ದರೆ ತಾನೆ ರೋಗ ಎಂದುಕೊಂಡು ಎಷ್ಟೋ ಹೆಣ್ಣುಮಕ್ಕಳು ನೋವಿಲ್ಲದ ಗಡ್ಡೆಯನ್ನು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಗಂಡಸು ಡಾಕ್ಟರಿಗೆ ತೋರಿಸುವ ಸಂಕೋಚವೂ ಇದೆ. “ಚಾಕು ತಾಕಿದ್ರ ಗಡ್ಡಿ ಮೈತುಂಬ ಹಬ್ಬತೈತಂತ” ಎಂಬ ಭಯವಂತೂ ಮನೆಮನೆಯಲ್ಲೂ ಇದೆ. ತಡಮಾಡಿ ಬಂದವರಲ್ಲಿ ರೋಗ ಮೊದಲೇ ಹಬ್ಬಿರುತ್ತದೆ. ಅಪವಾದ ಮಾತ್ರ ಚಾಕುವಿನ ಮೇಲೆ ಬರುತ್ತದೆ.

ಬಯಾಪ್ಸಿ ಇಲ್ಲದೆ ಇಂದು ಚಿಕಿತ್ಸೆಯೇ ಇಲ್ಲ. ತೆಗೆದ ತುಣುಕು ಹಾರ್ಮೋನಿಗೆ ಸ್ಪಂದಿಸುವ ಜಾತಿಯದೇ, ಹರ್-2 ಎಂಬ ಪ್ರೋಟೀನು ಹೆಚ್ಚಾಗಿದೆಯೇ ಎಂದು ನೋಡಿಯೇ ಔಷಧಿ ಆರಿಸುತ್ತಾರೆ. ಹರ್-2 ಹೆಚ್ಚಿರುವವರಿಗೆ ಬೇಕಾದ ಟ್ರಾಸ್ಟುಜುಮಾಬ್ ಒಂದು ಕಾಲಕ್ಕೆ ಸಿರಿವಂತರ ಔಷಧಿ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಸಮಾನ ಔಷಧಿಯನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಆ ತುಣುಕು ಫಾರ್ಮಲಿನ್ ಶೀಷೆಯಲ್ಲಿ ಮನೆಯವರ ಕೈಚೀಲದೊಳಗೆ ಬಸ್ಸಿನಲ್ಲಿ ಪ್ರಯಾಣ ಮಾಡುತ್ತದೆ. ವರದಿ ತರಲು ಮತ್ತೊಂದು ದಿನದ ಕೂಲಿ ಹೋಗುತ್ತದೆ. ಬಯಾಪ್ಸಿ ತೆಗೆಯುವುದು ಮತ್ತು ವರದಿ ತಲುಪಿಸುವುದು ತಾಲ್ಲೂಕು ಆಸ್ಪತ್ರೆಯ ಹೊಣೆಯಾಗಬೇಕು. ಓದುವ ಪೆಥಾಲಜಿಸ್ಟ್ ಎಲ್ಲಿದ್ದರೂ ಸರಿ.

5. ಕರೆಂಟು, ಕೀಮೋ ಮತ್ತು ಸುಗ್ಗಿ

ನಮ್ಮ ಜನ ಕರೆಂಟು ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆ ಬಾಯಿ, ಗಂಟಲಿನ ಕ್ಯಾನ್ಸರಿಗೆ ವಾರಕ್ಕೆ ಐದು ದಿನ, ಆರೇಳು ವಾರ ನಡೆಯುತ್ತದೆ. ಒಂದು ಸರದಿ ಕೆಲವೇ ನಿಮಿಷ. ಕೋಬಾಲ್ಟ್ ಯಂತ್ರಗಳ ಜಾಗಕ್ಕೆ ಬಂದಿರುವ ಲೀನಿಯರ್ ಆಕ್ಸಲರೇಟರ್‌ಗಳು ಗಡ್ಡೆಗೆ ಗುರಿಯಿಟ್ಟು ಜೊಲ್ಲು ಗ್ರಂಥಿ, ಬೆನ್ನುಹುರಿಗಳನ್ನು ಉಳಿಸುತ್ತವೆ. ಆದರೆ ನಡುವೆ ಬಿಟ್ಟರೆ ಉಳಿದ ಜೀವಕೋಶಗಳು ಮತ್ತೆ ಬೆಳೆಯುತ್ತವೆ. ಕೊಟ್ಟ ಕರೆಂಟು ವ್ಯರ್ಥವಾಗುತ್ತದೆ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಅಥವಾ ಕೊಯ್ಲು ಬಂದಾಗ ಏಳು ವಾರ ಬೆಂಗಳೂರಲ್ಲಿ ಇರಿ ಎಂದರೆ ಯಾರು ಇರುತ್ತಾರೆ? ಜೊತೆಗೆ ಇರುವ ಹೆಂಡತಿಯ ಕೂಲಿ ಯಾರು ಕೊಡುತ್ತಾರೆ? ಇಲ್ಲಿ ಬೇಕಾದದ್ದು ಉಳಿಯಲು ಒಂದು ಕೋಣೆ, ಎರಡು ಹೊತ್ತಿನ ಊಟ, ಬಸ್ ಪಾಸು. ಇವೂ ಚಿಕಿತ್ಸೆಯ ಭಾಗವೇ.

ಕೀಮೋ ಹಾಗಲ್ಲ. ಮೊದಲ ಸರದಿಯ ಯೋಜನೆ ಕಿದ್ವಾಯಿಯ ತಜ್ಞರು ಹಾಕಿದರೆ ಮುಂದಿನ ಸರದಿಗಳನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಕೊಡಬಹುದು. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು ತೆರೆದದ್ದು ಈ ಲೆಕ್ಕದಿಂದಲೇ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂತಾದರೆ ನಡುವೆ ಬಿಡುವವರು ಕಡಿಮೆಯಾಗುತ್ತಾರೆ.

ಹೊಸ ಇಮ್ಯುನೊಥೆರಪಿ ಔಷಧಿಗಳ ಬೆಲೆ ಲಕ್ಷಗಳಲ್ಲಿದೆ. ಮುಂದುವರಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನಲ್ಲಿ ನಿವೊಲುಮಾಬ್ ಎಂಬ ಔಷಧಿಯನ್ನು ರೂಢಿಯ ಪ್ರಮಾಣಕ್ಕಿಂತ ಬಹಳ ಕಡಿಮೆ, ಅಂದರೆ 20 ಮಿಲಿಗ್ರಾಂ ಮಾತ್ರ ಕೊಟ್ಟು, ಜೊತೆಗೆ ಅಗ್ಗದ ಮಾತ್ರೆಗಳನ್ನು ನುಂಗಿಸಿ ಟಾಟಾ ಆಸ್ಪತ್ರೆ ಪರೀಕ್ಷಿಸಿತು. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು. ನಮ್ಮಂಥ ನಾಡಿಗೆ ಒಗ್ಗುವ ಪ್ರಗತಿ ಎಂದರೆ ಇಂಥದು.

6. ಹಣದ ಮಾತು

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಆರಂಭವಾದದ್ದು ಆಗಿನ ಗುಲ್ಬರ್ಗ ವಿಭಾಗದಲ್ಲಿ. ಬಳ್ಳಾರಿ ಜಿಲ್ಲೆ ಅದರಲ್ಲಿತ್ತು. ಯೋಜನೆ ಇದ್ದ ಉತ್ತರದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಇಲ್ಲದ ದಕ್ಷಿಣದ ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿದರು. ಯೋಜನೆಗೆ ಒಳಪಟ್ಟ ರೋಗಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಬಡವರ ಸಾವು ಯೋಜನೆ ಇದ್ದ ಕಡೆ ಶೇ. 64 ಕಡಿಮೆ ಎಂದು 2014ರಲ್ಲಿ ವರದಿಯಾಯಿತು. ನಮ್ಮ ಸೀಮೆಯೂ ಸೇರಿದ್ದ ಯೋಜನೆಯ ಫಲ ಇದು. ಈಗ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಕಾರ್ಡು ಮೊದಲೇ ಮಾಡಿಸಿಟ್ಟುಕೊಳ್ಳಿ. ರೋಗ ಬಂದ ಮೇಲೆ ಓಡಾಡುವುದು ಕಷ್ಟ.

7. ಸಂಡೂರಿನ ಧೂಳು

ಗಣಿ ಧೂಳಿನಿಂದ ಕ್ಯಾನ್ಸರ್ ಬರುತ್ತದೆಯೆ ಎಂದು ಸಂಡೂರಿನವರು ತಪ್ಪದೆ ಕೇಳುತ್ತಾರೆ. ನೆಲದಡಿಯ ಹೆಮಟೈಟ್ ಗಣಿ ಕೆಲಸ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಕ್ಯಾನ್ಸರ್‌ಕಾರಕ ಪಟ್ಟಿಯಲ್ಲಿದೆ. ಸುರಂಗದಲ್ಲಿ ತುಂಬಿಕೊಳ್ಳುವ ರೇಡಾನ್ ಅನಿಲ ಅದಕ್ಕೆ ಒಂದು ಕಾರಣ. ನಮ್ಮವು ತೆರೆದ ಗಣಿಗಳು. ಆದ್ದರಿಂದ ಅದನ್ನು ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು. ಆದರೆ ಸಿಲಿಕಾ ಧೂಳು, ಡೀಸೆಲ್ ಹೊಗೆ, ಗಾಳಿಯ ಸೂಕ್ಷ್ಮ ಕಣಗಳು ಮೂರೂ ಅದೇ ಪಟ್ಟಿಯಲ್ಲಿವೆ. ಲಾರಿ ಓಡಾಡುವ ದಾರಿಯಲ್ಲಿ ಇವು ಇರುತ್ತವೆ. ವಾದ ಬಗೆಹರಿಯಬೇಕಾದರೆ ಲೆಕ್ಕ ಬೇಕು. ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯೆ ಆಧರಿತ ಕ್ಯಾನ್ಸರ್ ನೋಂದಣಿ ಇದೆ. ನಮ್ಮ ರೋಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೂ ಅವರ ಊರು, ಕೆಲಸ, ಚಟ ಎಲ್ಲ ಬರೆದು ಇಲ್ಲಿಗೆ ತಲುಪುವ ನೋಂದಣಿ ಬೇಕು.

8. ನೋವು

ಗುಣವಾಗದ ಹಂತದಲ್ಲಿ ಬರುವವರೂ ಇರುತ್ತಾರೆ. ಇನ್ನೇನೂ ಮಾಡುವುದಕ್ಕಿಲ್ಲ ಎಂದು ಮನೆಗೆ ಕಳಿಸುವುದು ವೈದ್ಯಕೀಯವಲ್ಲ. ಮಾರ್ಫಿನ್ ಮಾತ್ರೆ ಅಗ್ಗ, ಪರಿಣಾಮಕಾರಿ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿಯಾಗಿ ಅದನ್ನು ಇಟ್ಟುಕೊಳ್ಳುವ ಪರವಾನಗಿ ಸರಳವಾಯಿತು. ತಾಲ್ಲೂಕಿಗೆ ಒಬ್ಬ ತರಬೇತಿ ಪಡೆದ ವೈದ್ಯರು, ಮನೆಗೆ ಹೋಗುವ ಒಬ್ಬ ನರ್ಸ್ ಇದ್ದರೆ ಎಷ್ಟೋ ಜನರ ರಾತ್ರಿಗಳು ನಿದ್ದೆಯಲ್ಲಿ ಕಳೆಯುತ್ತವೆ.

9. ಹಣ ಇಲ್ಲ ಎನ್ನುವಂತಿಲ್ಲ

2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಗಣಿ ಮಾಲೀಕರು ಪಾಲು ಕಟ್ಟುತ್ತಾರೆ. ಅದರ ಆದ್ಯತೆಯ ಬಾಬ್ತುಗಳಲ್ಲಿ ಆರೋಗ್ಯವೂ ಒಂದು. ಅದಿರು ತೆಗೆದ ನೆಲದ ಹಣ ಇದು. ಇದರಿಂದ ಕಟ್ಟಡ ಕಟ್ಟುವುದು ಸುಲಭ, ಉದ್ಘಾಟನೆಯೂ ಆಗುತ್ತದೆ. ನನ್ನ ಕೋರಿಕೆ ಬೇರೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಬಾಯಿ ತಪಾಸಣೆಯ ದಿನ, 30 ದಾಟಿದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಪರೀಕ್ಷೆ, ಬಯಾಪ್ಸಿ ತುಣುಕು ಒಯ್ಯುವ ವಾಹನ, ಕರೆಂಟಿಗೆ ಹೋದವರ ಊಟ ವಸತಿಗೆ ನೆರವು, ಒಂದು ನೋಂದಣಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಪಟ್ಟಿ ಓದುವಾಗ ಈ ಐದನ್ನೂ ಕೈಯೆತ್ತಿ ಕೇಳಿ, ನಡಾವಳಿಯಲ್ಲಿ ಬರೆಸಿ. ಬರೆಸಿದ್ದಕ್ಕೆ ಅಧಿಕಾರಿ ಉತ್ತರಿಸಲೇಬೇಕಾಗುತ್ತದೆ.