ಹೊಲದಲ್ಲಿ ರಾಗಿ, ಬದುವಿನಲ್ಲಿ ಹಲಸು

(ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ರೈತರಿಗಾಗಿ ಉಪನ್ಯಾಸ)



ತುಮಕೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 24 ಅಂಗುಲದಷ್ಟು ಮಾತ್ರ. ಅದೂ ಒಂದೇ ಸಮನಾಗಿ ಬೀಳುವುದಿಲ್ಲ. ಮುಂಗಾರು ತಡವಾಗುವುದು, ಪೈರು ಎದ್ದ ಮೇಲೆ ಮೂರು ನಾಲ್ಕು ವಾರ ಮಳೆ ತಪ್ಪುವುದು, ಬಂದಾಗ ಒಮ್ಮೆಗೇ ಸುರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುವುದು, ಇವೆಲ್ಲ ರೈತನು ಕಂಡುಂಡ ಸಂಗತಿಗಳೇ. 2023ರ ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಕಡಮೆ ಮಳೆಯಾದ ಆಗಸ್ಟ್ ಎನಿಸಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂತಹ ವರ್ಷದಲ್ಲಿಯೂ ಮನೆಮಂದಿಗೆ ಹಿಟ್ಟು, ದನಕರುಗಳಿಗೆ ಮೇವು, ಕೈಗೆ ನಾಲ್ಕು ಕಾಸು ಉಳಿಯುವಂತೆ ಬೇಸಾಯವನ್ನು ಏರ್ಪಡಿಸುವ ಬಗೆ ಯಾವುದೆಂಬುದೇ ಇಲ್ಲಿನ ವಿಷಯ.

ಹೇಮಾವತಿ ನಾಲೆಯ ನೀರು ತಲಪುವ ಕೆರೆಗಳ ಕೆಳಗೆ ಅಡಕೆ, ತೆಂಗುಗಳನ್ನು ಬೆಳೆಯುವುದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ರಾಗಿ ಬೆಳೆಯುತ್ತಿದ್ದ ಕೆಂಪು ಹೊಲಕ್ಕೂ ಕೊಳವೆಬಾವಿಯೊಂದನ್ನೇ ನಂಬಿ ಅಡಕೆ ಹಾಕುವುದು ವಿಚಾರ ಮಾಡತಕ್ಕದ್ದು. ಬೇಸಿಗೆಯಲ್ಲಿ ಅಡಕೆ ಮರವೊಂದಕ್ಕೆ ಹನಿ ನೀರಾವರಿಯಲ್ಲಿಯೂ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಎಕರೆಗೆ 550 ಮರವೆಂದು ಹಿಡಿದರೆ ದಿನಕ್ಕೆ ಸುಮಾರು 9ರಿಂದ 11 ಸಾವಿರ ಲೀಟರ್ ಆಯಿತು. ಮಳೆ ಹೋದ ವರ್ಷ ಅಂತರ್ಜಲವೂ ಇಳಿಯುವುದು. ವರ್ಷಗಟ್ಟಲೆ ಸಾಕಿದ ತೋಟ ಒಂದೇ ಬೇಸಿಗೆಯಲ್ಲಿ ಒಣಗಿದರೆ ಸಾಲ ಮಾತ್ರ ಹಸಿರಾಗಿ ಉಳಿಯುವುದು.

ಹೊಲಕ್ಕೆ ತಕ್ಕ ಧಾನ್ಯ ರಾಗಿಯೇ. ಮಳೆ ತಡೆದಾಗ ಅದು ಬಾಡಿ ನಿಂತರೂ ಹದ ಬಂದೊಡನೆ ಚೇತರಿಸಿಕೊಂಡು ತೆಂಡೆ ಒಡೆಯುವುದು. ಹುಲ್ಲು ದನಗಳಿಗಾಗುವುದು. ಕಾಳಿಗೆ ಹುಳು ಬೀಳುವುದು ಅಪರೂಪ. ಹಿಂದಿನವರು ಹಗೇವಿನಲ್ಲಿ ವರ್ಷಾನುಗಟ್ಟಲೆ ತುಂಬಿಟ್ಟು ಬರಗಾಲವನ್ನು ಕಳೆದದ್ದು ಈ ಗುಣದಿಂದಲೇ. ರಾಗಿ ತಳಿಯ ಸುಧಾರಣೆ ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕಾಲದಿಂದ ನಡೆದುಬಂದಿದೆ. ಅನಂತರ ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಕೆಲಸ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಮುಂದುವರಿದಿದೆ.

ಈ ಸಂಶೋಧನೆಯಿಂದ ರೈತನಿಗೆ ದೊರೆತ ಮುಖ್ಯ ಉಪಕಾರವೆಂದರೆ ಮಳೆಯ ಕಾಲಕ್ಕೆ ತಕ್ಕಂತೆ ತಳಿಯನ್ನು ಆರಿಸಿಕೊಳ್ಳುವ ಅನುಕೂಲ. ಜುಲೈ ತಿಂಗಳೊಳಗೆ ಹದವಾದರೆ ಸುಮಾರು 120 ದಿನಗಳ ಎಂ.ಆರ್. 6 ಬಿತ್ತಬಹುದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ 110 ದಿನಗಳ ಜಿ.ಪಿ.ಯು. 28 ಅಥವಾ ಎಂ.ಎಲ್. 365 ತಕ್ಕವು. ಇವುಗಳಲ್ಲಿ ಜಿ.ಪಿ.ಯು. 28 ಬೆಂಕಿ ರೋಗವನ್ನು ತಡೆಯಬಲ್ಲದು. ಬಿತ್ತನೆ ಇನ್ನೂ ತಡವಾದರೆ ನೂರು ದಿನಗಳೊಳಗೆ ಬರುವ ಜಿ.ಪಿ.ಯು. 48 ಲೇಸು. ಮಳೆ ತಡವಾದ ವರ್ಷ ದೀರ್ಘಾವಧಿ ತಳಿಯನ್ನೇ ಹಿಡಿದು ಕೂರುವುದು ತೆನೆ ಕಟ್ಟುವ ಹೊತ್ತಿಗೆ ಹೊಲವನ್ನು ಒಣಗಿಸಿಕೊಂಡಂತೆ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಒಂದು ಅಕ್ಕಡಿ ಸಾಲು ಅವರೆ ಹಾಕತಕ್ಕದ್ದು. ತೊಗರಿಯ ಜೋಡಿ ಸಾಲುಗಳ ನಡುವೆ ನೇಗಿಲಿನಿಂದ ಒಂದು ದೋಣಿ ಸಾಲು ತೆಗೆದರೆ ಮಳೆನೀರು ಅಲ್ಲಿಯೇ ಇಂಗುವುದು. ಒಂದು ಬೆಳೆ ಸೋತರೂ ಮತ್ತೊಂದು ಕೈಹಿಡಿಯುವುದು. ಬೇಳೆಯ ಪೈರಿನಿಂದ ನೆಲಕ್ಕೆ ಸಾರವೂ ಸೇರುವುದು.

ಇನ್ನು ಬದುವಿನ ಮಾತು. ಹಲಸಿನ ಬೇರು ಆಳಕ್ಕಿಳಿಯುವುದರಿಂದ ಮರ ಒಮ್ಮೆ ನೆಲೆಗೊಂಡ ಮೇಲೆ ಮಳೆಯಲ್ಲಿಯೇ ಬದುಕಬಲ್ಲದು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ವ್ಯಾಪಾರಕ್ಕೆ ಹೆಸರಾದ ಊರು. ಆ ಭಾಗದ ರೈತರೊಬ್ಬರ ಜಮೀನಿನಲ್ಲಿ ಅವರ ತಂದೆ ನೆಟ್ಟಿದ್ದ ಮರವೊಂದು ತಾಮ್ರಗೆಂಪು ತೊಳೆಗಳ, ಸುಮಾರು ಎರಡೂವರೆ ಕಿಲೋ ತೂಗುವ ಸಣ್ಣ ಹಣ್ಣುಗಳನ್ನು ಬಿಡುತ್ತಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ನೆಟ್ಟವರ ಹೆಸರನ್ನು ಸ್ಮರಿಸಿ ‘ಸಿದ್ದು’ ಎಂದು ಕರೆದರು. 2017ರಲ್ಲಿ ಮರದ ಯಜಮಾನರೊಡನೆ ಒಪ್ಪಂದವಾಗಿ, ಕಸಿ ಗಿಡಗಳ ಮಾರಾಟದ ಹಣದಲ್ಲಿ ನೂರಕ್ಕೆ 75 ಪಾಲು ಅವರಿಗೆ ಸಲ್ಲುವ ಏರ್ಪಾಡಾಯಿತು. ಮುಂದೆ ಗುಬ್ಬಿ ಸೀಮೆಯದೇ ಆದ ‘ಶಂಕರ’ ಎಂಬ ತಳಿಯೂ ಬೆಳಕಿಗೆ ಬಂದಿತು. ಒಳ್ಳೆಯ ತಳಿ ಪ್ರಯೋಗ ಕ್ಷೇತ್ರದಲ್ಲಿಯೇ ಹುಟ್ಟಬೇಕೆಂದಿಲ್ಲ. ರೈತನ ಹಿತ್ತಿಲಿನಲ್ಲಿಯೂ ಅದು ಇರಬಹುದು. ಆದಕಾರಣ ಹಳೆಯ ಮರವನ್ನು ಮರಮುಟ್ಟಿಗೆ ಮಾರುವ ಮೊದಲು ಅದರ ಹಣ್ಣಿನ ಗುಣವನ್ನು ತೋರಿಸಿ ಕೇಳುವುದು ವಿವೇಕ.

ಹಲಸಿನ ಬೀಜದಿಂದ ಹುಟ್ಟಿದ ಗಿಡ ತಾಯಿಮರದ ಗುಣವನ್ನೇ ತರುವುದೆಂಬ ಭರವಸೆಯಿಲ್ಲ. ಫಲಕ್ಕೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ತಾಯಿಯಂತೆಯೇ ಇದ್ದು ಮೂರು ನಾಲ್ಕು ವರ್ಷಗಳಲ್ಲಿ ಫಲಕ್ಕೆ ಬರುವುದು. ಮುಂಗಾರಿನಲ್ಲಿ ಎಲ್ಲೆಯ ಬದುಗಳ ಮೇಲೆ 30 ಅಡಿಗೊಂದರಂತೆ ನೆಟ್ಟು, ಕಸಿಯ ಗಂಟು ಮಣ್ಣಿನಿಂದ ಮೇಲಿರುವಂತೆ ನೋಡಿಕೊಳ್ಳಬೇಕು. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಚಿವುಟತಕ್ಕದ್ದು. ಮೊದಲ ಎರಡು ಬೇಸಿಗೆ ಕೊಡದಿಂದಲಾದರೂ ನೀರುಣಿಸಿ, ಬುಡಕ್ಕೆ ತರಗು ಹೊದಿಸಬೇಕು. ಮರ ಬೆಳೆದ ಮೇಲೆ ನೆರಳಿನಲ್ಲಿ ಕೆಲವು ಸಾಲು ರಾಗಿ ಸೊರಗುವುದುಂಟು. ಕೆಳಗಿನ ರೆಂಬೆಗಳನ್ನು ಸವರಿದರೆ ಆ ನಷ್ಟ ಕಡಮೆಯಾಗುವುದು. ಹಂಗಾಮಿನಲ್ಲಿ ಹಣ್ಣು ಒಮ್ಮೆಗೇ ಬಂದು ಬೆಲೆ ಇಳಿಯುವುದೂ ಉಂಟಾದ್ದರಿಂದ ಹೊಲವನ್ನೆಲ್ಲ ಹಲಸಿಗೆ ಒಪ್ಪಿಸುವುದು ತರವಲ್ಲ.

ಕಸಿ ಗಿಡಗಳ ವಿಚಾರವನ್ನು ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿಯೂ, ರಾಗಿ ಬೀಜದ ವಿಚಾರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಮಳೆಗೆ ಮುಂಚಿತವಾಗಿಯೇ ವಿಚಾರಿಸತಕ್ಕದ್ದು. ಈ ವರ್ಷ ಒಂದು ಬದುವಿಗೆ ನಾಲ್ಕು ಗಿಡ, ಒಂದು ಎಕರೆಗೆ ಸಾಲುಬೆಳೆ, ಇಷ್ಟರಿಂದ ಆರಂಭಿಸಿದರೆ ಸಾಕು. ಫಲವನ್ನು ಕಣ್ಣಾರೆ ಕಂಡ ಮೇಲೆ ಹೆಚ್ಚಿಸುವುದು ರೈತನ ಇಷ್ಟಕ್ಕೆ ಸೇರಿದ್ದು.